ಗೌರಿಯ ಟಾಕಿ, ಕಾಕಾನ ಸ್ನಾನ

ನಾನು ಗೋಡೆಗೆ ಹೋಗಿ ಡಿಕ್ಕಿ ಹೊಡೆದದ್ದು ನಿಜ. ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಗೋಡೆಯೂ ಅಡಗಿ ಕೂತಿರಲಿಲ್ಲ. ನಾಶಿಕ್‌ನ ನಮ್ಮ ಕನ್ನಡದವರ ಸಭಾಗೃಹದ ಆ ಹಳದಿ ಗೋಡೆ ರಸ್ತೆಯಿಂದಲೇ ಕಣ್ಣಿಗೆ ಹೊಡೆಯುತ್ತದೆ. ಆದರೆ ಆ ಹೊತ್ತಿನಲ್ಲಿ ನಾನು ಮನುಷ್ಯನಾಗಿರಲಿಲ್ಲ, ಯಂತ್ರವಾಗಿದ್ದೆ. ದೇವಳಾಲಿಯ ಸೈನ್ಯದ ಕ್ಯಾಂಪಿನ ಹವಾಲ್ದಾರರ ಮಗಳೊಬ್ಬಳು ಅಪ್ಪನ ದನಿಯಲ್ಲೇ “ಮುಂದ ನಡಿ” ಎಂದು ಅಪ್ಪಣೆ ಕೊಟ್ಟಿದ್ದಳು. ಅಷ್ಟರಲ್ಲಿ ಯಾರೋ ಬಿಸ್ಕೀಟಿನ ಡಬ್ಬಿ ತೆಗೆದರು, ಮಕ್ಕಳೆಲ್ಲ ಅತ್ತ ಓಡಿದರು. ನಿಲ್ಲು ಅಂತಲೂ ಹೇಳುವವರಿಲ್ಲ, ತಿರುಗು ಅಂತಲೂ ಹೇಳುವವರಿಲ್ಲ. ಯಂತ್ರ ತಾನಾಗಿಯೇ ನಿಲ್ಲಬಾರದು ಎಂಬ ನಿಯಮ ಮಾಡಿದವನು ನಾನೇ ಆಗಿದ್ದರಿಂದ ಮೂಗು ಗೋಡೆಗೆ ತಾಗುವವರೆಗೆ ನಡೆದೆ, ತಾಗಿದ ಮೇಲೂ ಕಾಲಾಡಿಸುತ್ತಿದ್ದೆ. ಹೊರಗಿನಿಂದ ಇಣುಕಿದ ಯಾರದೋ ತಂದೆಯವರು, “ಸರ್, ಆರಾಮ ಇದ್ದೀರಿಲ್ಲ?” ಎಂದು ಕೇಳಿದರು.

ಆರಾಮಾಗಿಯೇ ಇದ್ದೆ. ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ.

ನಾನು ಕಂಪ್ಯೂಟರ್ ಓದಿದವನಲ್ಲ. ಭಾಲ್ಕಿಯಿಂದ ಹೊರಟು ಬ್ಯಾಂಕಿನ ವರ್ಗಾವಣೆಗಳಲ್ಲಿ ಉರುಳುತ್ತ ಉರುಳುತ್ತ ನಾಶಿಕ್‌ಗೆ ಬಂದು ಬಿದ್ದವನು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನಿಗೆ ಕಂಪ್ಯೂಟರ್ ಬರುತ್ತದೆ ಎಂದು ನಮ್ಮ ಕನ್ನಡ ಸಂಘದವರು ತೀರ್ಮಾನಿಸಿಬಿಟ್ಟರು. ದಿನಾ ಬಸ್ಸಿನಲ್ಲಿ ಕೂರುವವನಿಗೆ ಬಸ್ಸು ನಡೆಸಲು ಯಾರೂ ಕೊಡುವುದಿಲ್ಲವಲ್ಲ ಎಂದು ಕೇಳಿ ನೋಡಿದೆ. ಉಪಯೋಗವಾಗಲಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಆಟದ ಮೂಲಕ ಪ್ರೋಗ್ರಾಮಿಂಗ್ ಎಂದು ಫಲಕ ಬರೆಸಿ, ಕೆಳಗೆ ನನ್ನ ಹೆಸರನ್ನೂ ಬರೆಸಿದರು. ಅಂದಿನಿಂದ ಮಕ್ಕಳಿಗಿಂತ ಒಂದು ಪಾಠ ಮುಂದೆ ಇರುವುದೇ ನನ್ನ ವಾರದ ಸಾಧನೆಯಾಗಿದೆ. ಕೆಲವು ವಾರ ಅದೂ ಆಗುವುದಿಲ್ಲ.

ಮೊದಲು ಕಂಪ್ಯೂಟರ್ ಮುಟ್ಟಿಸುವುದೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಹಾಕಿ, ಒಬ್ಬರನ್ನು ಯಂತ್ರ ಮಾಡಿ, ಉಳಿದವರು ಅಪ್ಪಣೆ ಕೊಟ್ಟು ಅದನ್ನು ಆ ಮೂಲೆಯ ಲಡ್ಡುವಿನ ಹತ್ತಿರ ಮುಟ್ಟಿಸಬೇಕು. ಕೇಳಲು ಸುಲಭ. ಆದರೆ ನಮ್ಮ ಮಕ್ಕಳ ಬಾಯಿಂದ ಮೊದಲು ಬರುವ ಅಪ್ಪಣೆ “ಸ್ವಲ್ಪ ಮುಂದ” ಎಂಬುದು. ಸ್ವಲ್ಪ ಎಂದರೆ ಎಷ್ಟು ಎಂದು ಯಂತ್ರ ಕೇಳುತ್ತದೆ. “ಸ್ವಲ್ಪ ಅಂದ್ರ ಸ್ವಲ್ಪರಿ” ಎಂದು ಉತ್ತರ. ನಾವು ಬೀದರ ಕಲಬುರಗಿ ಕಡೆಯವರು ಜೀವನವನ್ನೆಲ್ಲ ಈ ಸ್ವಲ್ಪದ ಮೇಲೆಯೇ ನಡೆಸಿದವರು. ಉಪ್ಪು ಸ್ವಲ್ಪ, ದೂರ ಸ್ವಲ್ಪ, ಸಿಟ್ಟು ಸ್ವಲ್ಪ, ಊಟಕ್ಕೆ ಕೂತವರಿಗೆ ಇನ್ನೂ ಸ್ವಲ್ಪ. ಯಂತ್ರಕ್ಕೆ ಮಾತ್ರ ಈ ಪದ ಅರ್ಥವಾಗುವುದಿಲ್ಲ. ಅದಕ್ಕೆ ಎರಡು ಹೆಜ್ಜೆ ಬೇಕು, ಇಲ್ಲವೆ ಮೂರು ಹೆಜ್ಜೆ ಬೇಕು. ಇದು ತಲೆಗೆ ಹೋದ ದಿನ ಅರ್ಧ ಪ್ರೋಗ್ರಾಮಿಂಗ್ ಬಂದಂತೆಯೇ. ಆಮೇಲೆ ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ತೆರೆಯ ಮೇಲೆ ಬೆಕ್ಕನ್ನೋ ಗುಬ್ಬಿಯನ್ನೋ ಓಡಾಡಿಸುವುದನ್ನು ಅವರು ನನ್ನನ್ನು ಕೇಳದೆಯೇ ಕಲಿತುಬಿಡುತ್ತಾರೆ. ದ್ರಾಕ್ಷಿ ತೋಟಕ್ಕೆ ನುಗ್ಗುವ ಹಕ್ಕಿಗಳ ಆಟವೊಂದನ್ನು ಒಬ್ಬಳು ಮಾಡಿದಳು. ಹಕ್ಕಿಗಳೇ ಗೆಲ್ಲುವಂತೆ ಮಾಡಿದ್ದಳು. ಅವಳಿಗೆ ಹಕ್ಕಿ ಇಷ್ಟವಂತೆ.

ನನ್ನನ್ನು ಹೆಚ್ಚು ಕಾಡಿದ್ದು ಆಟವಲ್ಲ, ಅದರಾಚೆಗಿನ ಇನ್ನೊಂದು ವಿದ್ಯೆ. ನಿಜವಾದ ಸಂಗತಿಯೊಂದನ್ನು ಕಂಪ್ಯೂಟರ್ ಒಳಗೆ ಚಿಕ್ಕದಾಗಿ ಕಟ್ಟಿ, ಹೀಗಾದರೆ ಏನಾಗುತ್ತದೆ ಎಂದು ನಡೆಸಿ ನೋಡುವುದು. ಇದಕ್ಕೆ ಮಾದರಿ ಕಟ್ಟುವುದು ಎನ್ನುತ್ತಾರೆ. ದೊಡ್ಡ ವಿಜ್ಞಾನಿಗಳು ಮಳೆಯನ್ನೂ ರೋಗವನ್ನೂ ಹೀಗೆ ಕಟ್ಟಿ ನೋಡುತ್ತಾರಂತೆ. ಯೋಚಿಸಿದರೆ ನಾವೂ ಕಟ್ಟಿದವರೇ. ಹಾವು ಏಣಿಯ ಪಟ ಇದ್ದದ್ದು ಪಾಪ ಪುಣ್ಯಗಳ ಮಾದರಿಯಾಗಿ; ಅದರಲ್ಲಿ ದುಡುಕಿದವನು ಹಾವಿನ ಬಾಯಿಗೆ ಬೀಳುತ್ತಿದ್ದ. ಚಿಕ್ಕಂದಿನಲ್ಲಿ ಹಿತ್ತಲಿನಲ್ಲಿ ಕಲ್ಲು ಜೋಡಿಸಿ, ಮಣ್ಣಿನ ರೊಟ್ಟಿ ಬಡಿದು ಮನೆಯಾಟ ಆಡಿದ್ದೂ ಮಾದರಿಯೇ. ಆ ಮನೆಯಾಟದಲ್ಲಿ ನನ್ನನ್ನು ಯಾವಾಗಲೂ ಊಟಕ್ಕೆ ಬಂದ ಬೀಗನನ್ನಾಗಿ ಮಾಡುತ್ತಿದ್ದರು. ಕೂತು ತಿನ್ನುವುದನ್ನು ಬಿಟ್ಟರೆ ನನಗೆ ಬೇರೆ ಪಾತ್ರ ಒಗ್ಗದು ಎಂದು ಅಕ್ಕಂದಿರ ಅಭಿಪ್ರಾಯ. ಈ ಅಭಿಪ್ರಾಯ ಇಷ್ಟು ವರ್ಷಗಳ ಮೇಲೆ ಕಂಪ್ಯೂಟರ್ ತೆರೆಯ ಮೇಲೆ ಮತ್ತೆ ಕಾಣಿಸಿಕೊಂಡೀತೆಂದು ನಾನು ಎಣಿಸಿರಲಿಲ್ಲ.

ಅದನ್ನು ಕಾಣಿಸಿದವಳು ಗೌರಿ, ನನ್ನ ಅಣ್ಣನ ಮಗಳು, ಹತ್ತು ವರ್ಷದವಳು. ಅಣ್ಣನದು ಛತ್ರಪತಿ ಸಂಭಾಜಿನಗರದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಅವ್ವ ಇರುವುದೂ ಅವನ ಬಳಿಯೇ. ಗೌರಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮರಾಠಿಯಲ್ಲಿ ಹೇಳುತ್ತಾಳೆ, ಇಬ್ಬರಿಗೂ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಬೇಸಿಗೆ ರಜೆಗೆ ನಾಶಿಕ್‌ಗೆ ಬಂದವಳು ನನ್ನ ಭಾನುವಾರದ ತರಗತಿಗೆ ಬಂದಳು, ಉಳಿದ ದಿನ ನನ್ನ ಲ್ಯಾಪ್‌ಟಾಪನ್ನು ಹಿಡಿದುಕೊಂಡಳು, ಹೋಗುವಾಗ ಅದನ್ನು ತೆಗೆದುಕೊಂಡೇ ಹೋದಳು.

ಈಗ ನೀರಿನ ಸಂಗತಿ ಹೇಳಬೇಕು. ನಾಶಿಕ್‌ನಲ್ಲಿ ನಮಗೆ ನೀರಿನ ಯೋಚನೆಯೇ ಇಲ್ಲ. ಅತ್ತ ಇಗತಪುರಿಯ ಗುಡ್ಡಗಳಲ್ಲಿ ಮಳೆ ಸುರಿಯುತ್ತದೆ, ಇತ್ತ ನಮ್ಮ ನಳ ದಿನಾ ಬರುತ್ತದೆ. ಮನ್ಮಾಡ್‌ನಲ್ಲಿ ರೈಲು ತಿರುಗಿ ಸಂಭಾಜಿನಗರದ ದಾರಿ ಹಿಡಿಯಿತೆಂದರೆ ನೆಲದ ಬಣ್ಣವೇ ಬೇರೆ. ಅಣ್ಣನ ಓಣಿಯಲ್ಲಿ ನಳ ಬಂದುಹೋದರೆ ಮತ್ತೆ ಬರುವುದು ಎಷ್ಟೋ ದಿನಗಳ ಮೇಲೆ, ಅದೂ ಓಣಿಯ ಈ ಸಾಲಿಗೆ ಒಂದು ದಿನ, ಆ ಸಾಲಿಗೆ ಇನ್ನೊಂದು ದಿನ. ಬಂದಾಗ ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿಸಿಕೊಂಡು ಮುಂದಿನ ನಳದವರೆಗೆ ಅದರಲ್ಲೇ ಬದುಕಬೇಕು. ಹಾಗಿದ್ದೂ ಅಣ್ಣನ ಮನೆಯ ಬಾಗಿಲಿಗೆ ಬಂದವರಿಗೆ ಮೊದಲು ಸಿಗುವುದು ಕಾಲು ತೊಳೆಯಲು ತುಂಬಿದ ತಂಬಿಗೆ. ಅದು ನಮ್ಮೂರಿನ ಪದ್ಧತಿ, ಅವ್ವ ಇರುವ ತನಕ ತಪ್ಪುವುದಿಲ್ಲ. ಬಂದವರ ಮುಂದೆ ನೀರು ಕಡಿಮೆ ಇದೆ ಎಂಬ ಮಾತನ್ನೂ ಆಡುವಂತಿಲ್ಲ. ಹಾಗಾಗಿ ನಾನು ಹೋದಾಗಲೆಲ್ಲ ಕಾಲು ತೊಳೆದು, ಎರಡು ಬಕೆಟ್ ಬಿಸಿನೀರಿನಲ್ಲಿ ಹಾಯಾಗಿ ಸ್ನಾನ ಮಾಡಿ, ಇವರ ಮನೆಯ ನೀರು ಎಷ್ಟು ಮೃದುವಾಗಿದೆ ಎಂದು ಹೊಗಳಿ ಬರುತ್ತಿದ್ದೆ.

ಮೂರು ತಿಂಗಳ ಹಿಂದೆ ಗೌರಿಗೆ ತಂಗಿ ಹುಟ್ಟಿದಳು. ತೊಟ್ಟಿಲು ಹಾಕಿ ಹೆಸರಿಡುವ ಕಾರ್ಯಕ್ಕೆ ಮಠದ ಅಯ್ಯನವರು ದಿನ ಹೇಳಿದರು. ಅದು ಸರಿಯಾಗಿ ಅಣ್ಣನ ಸಾಲಿಗೆ ನಳ ಬರುವ ಹಿಂದಿನ ದಿನಕ್ಕೆ, ಅಂದರೆ ಟಾಕಿಯ ತಳ ಕಾಣುವ ದಿನಕ್ಕೆ ಬಂತು. ಭಾಲ್ಕಿಯ ನೆಂಟರು ಎರಡು ದಿನ ಮುಂಚೆಯೇ ಬರುವವರು, ಬೀದರಿನವರು ಅದೇ ಬೆಳಿಗ್ಗೆ. ಓಣಿ ಇಕ್ಕಟ್ಟು, ಟ್ಯಾಂಕರ್ ಒಳಗೆ ಬರುವುದಿಲ್ಲ. ಕಾರ್ಯವನ್ನು ಬಾಡಿಗೆ ಹಾಲ್‌ನಲ್ಲಿ ಮಾಡಿಬಿಡೋಣ ಎಂದ ಅಣ್ಣ. ಆದರೆ ನಡುಮನೆಯ ತೊಲೆಗೆ ಒಂದು ಕೊಂಡಿ ಇದೆ. ನಾವು ಅಣ್ಣ ತಮ್ಮಂದಿರು, ಅಕ್ಕಂದಿರು ಮಲಗಿದ ಮರದ ತೊಟ್ಟಿಲನ್ನು ಅವ್ವ ಭಾಲ್ಕಿಯಿಂದ ಇಲ್ಲಿಯವರೆಗೆ ತಂದು, ಅದೇ ಕೊಂಡಿಗೆ ಕಟ್ಟಿ ಗೌರಿಯನ್ನೂ ತೂಗಿದ್ದಳು. ಹಾಲ್‌ನವರು ಪ್ಲಾಸ್ಟಿಕ್ ಹೂ ಸುತ್ತಿದ ಕಬ್ಬಿಣದ ತೊಟ್ಟಿಲು ಕೊಡುತ್ತಾರೆ. ಅವ್ವ ಸುಮ್ಮನೆ ಮರದ ತೊಟ್ಟಿಲು ಇಳಿಸಿ, ಎಣ್ಣೆ ಹಚ್ಚಿ ಒರೆಸುತ್ತ ಕೂತಳು. ಮರುದಿನವೂ ಒರೆಸಿದಳು. ಒರೆಸಿದ್ದನ್ನೇ ಒರೆಸುತ್ತಿದ್ದ ಅಜ್ಜಿಯನ್ನು ನೋಡಿ ಗೌರಿ ನನ್ನ ಲ್ಯಾಪ್‌ಟಾಪ್ ತೆರೆದಳು.

ಅವಳು ಕಟ್ಟಿದ್ದು ಮನೆಯ ಟಾಕಿಯ ಮಾದರಿ. ನೀಲಿ ನೀರು ತುಂಬಿದ ಒಂದು ಪೆಟ್ಟಿಗೆ, ಕೆಳಗೆ ಮನುಷ್ಯರು. ಒಬ್ಬೊಬ್ಬರೂ ಬಂದು ತಮ್ಮ ಪಾಲಿನ ನೀರು ತೆಗೆದಂತೆ ನೀಲಿ ಇಳಿಯುತ್ತದೆ. ಮನುಷ್ಯರಲ್ಲಿ ಎರಡು ಜಾತಿ ಮಾಡಿದ್ದಳು: ಮನೆಯವರು ಮತ್ತು ಪಾಹುಣೆ. ಪಾಹುಣೆ ಎಂದರೆ ನಮ್ಮ ಕಡೆಯೂ ಮರಾಠಿಯಲ್ಲೂ ಅತಿಥಿಗಳು ಎಂದೇ ಅರ್ಥ. ಯಾರು ಎಷ್ಟು ನೀರು ಬಳಸುತ್ತಾರೆಂದು ತಾಯಿಯನ್ನು, ಅಂದರೆ ನಮ್ಮ ವೈನಿಯನ್ನು, ಕೇಳಿದರೆ “ಸ್ವಲ್ಪ” ಎಂದರಂತೆ. ನನ್ನ ಶಿಷ್ಯೆ ಸುಮ್ಮನಿರುತ್ತಾಳೆಯೇ? ಅಪ್ಪನ ಅಂಗಡಿಯಿಂದ ಅಳತೆಯ ಪಾತ್ರೆ ತಂದು ಬಚ್ಚಲ ಬಾಗಿಲಲ್ಲಿ ಕಾವಲು ಕೂತಳು.

ಕಾರ್ಯದ ಮಾತುಕತೆಗೆಂದು ನಾನು ಹೋದ ದಿನ ಎಲ್ಲರೂ ಸೇರಿ ಆ ತೆರೆಯನ್ನು ನೋಡಿದೆವು. ಸೀರೆಯುಟ್ಟ ಪುಟ್ಟ ಗೊಂಬೆ ಬಂದು ಒಂದು ಚೂರು ನೀರು ತೆಗೆಯಿತು, ಅದು ಅವ್ವ. ಅಣ್ಣ ಬಂದ, ವೈನಿ ಬಂದರು, ನೀಲಿ ಮೆಲ್ಲಗೆ ಇಳಿಯಿತು. ಆಮೇಲೆ ಮೀಸೆ ಹೊತ್ತ ದಪ್ಪನೆಯ ಗೊಂಬೆಯೊಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಾಡುತ್ತ ಬಂತು. ನೀಲಿ ಧಡಕ್ಕನೆ ಕುಸಿಯಿತು. ತಲೆಯ ಮೇಲೆ ಕಾಕಾ ಎಂದು ಬರೆದಿತ್ತು, ಅಂದರೆ ಅವಳ ಚಿಕ್ಕಪ್ಪ ನಾನು, ಪಾಹುಣೆಯವರ ಗುಂಪಿನಲ್ಲಿ. ವೈನಿ ಮುಖ ಕೆಂಪು ಮಾಡಿಕೊಂಡು ಲ್ಯಾಪ್‌ಟಾಪ್ ಮುಚ್ಚಲು ಬಂದರು.

“ಹುಡುಗಾಟದ್ದು ಅದ, ನೀವ ಮನಸ್ಸಿಗಿ ಹಚ್ಕೋಬ್ಯಾಡ್ರಿ,” ಎಂದರು.

“ಹುಡುಗಾಟ ಅಲ್ಲರಿ ವೈನಿ, ಅಳತಿ ಮಾಡ್ಯಾಳ,” ಎಂದೆ ನಾನು. ಗುರುವಾಗಿ ನನಗೆ ಹೆಮ್ಮೆ, ಗೊಂಬೆಯಾಗಿ ನಾಚಿಕೆ. ಎರಡೂ ಒಟ್ಟಿಗೆ ಬಂದರೆ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯದೆ ಚಹಾ ಕುಡಿದೆ.

ಮಾದರಿ ಮುಂದೆ ನಡೆಯಿತು. ನೆಂಟರು ಬಂದರು, ಒಬ್ಬೊಬ್ಬರೂ ಕಾಲಿಗೆ ತಂಬಿಗೆ ನೀರು ತೆಗೆದುಕೊಂಡರು. ತೊಟ್ಟಿಲ ದಿನದ ಬೆಳಿಗ್ಗೆಗೇ ಪೆಟ್ಟಿಗೆ ಖಾಲಿ. ಅಣ್ಣ, “ನೋಡು, ಕಂಪ್ಯೂಟರ್ರೂ ಹಾಲ್ ಅನ್ಲತ್ತದ,” ಎಂದು ಎದ್ದ. ಅವ್ವ ತೊಟ್ಟಿಲ ಸರಪಳಿಯನ್ನು ಸುತ್ತಿ ಚೀಲಕ್ಕೆ ಹಾಕಿದಳು. ಆ ಸದ್ದು ನನಗೆ ಬಹಳ ಕೆಟ್ಟದೆನಿಸಿತು.

ಸ್ವಲ್ಪ ಹೊತ್ತಿಗೆ ಗೌರಿ ನನ್ನ ತೋಳು ಜಗ್ಗಿ ಮತ್ತೆ ಆಟ ನಡೆಸಿ ತೋರಿಸಿದಳು. ಈ ಸಲ ತೊಟ್ಟಿಲು ಮುಗಿದರೂ ನೀರು ಉಳಿದಿತ್ತು. ಹೇಗೆಂದು ನೋಡಿದರೆ ನನ್ನ ಸ್ನಾನವನ್ನು ಸೊನ್ನೆ ಮಾಡಿದ್ದಳು. ನನ್ನದಷ್ಟೇ ಅಲ್ಲ, ಭಾಲ್ಕಿಯ ಸೋದರತ್ತೆಯರು ಮೂರು ದಿನ ಮುಖವನ್ನೂ ತೊಳೆಯುತ್ತಿರಲಿಲ್ಲ.

ಹಾಗೆ ಮಾಡಬಾರದು ಎಂದು ನಾನು ದೊಡ್ಡ ಉಪದೇಶ ಶುರುಮಾಡಿದೆ. ಆಟದಲ್ಲಿ ಗೆಲ್ಲಲು ನಿಯಮ ಬದಲಿಸಬಹುದು, ಹಕ್ಕಿ ಇಷ್ಟವಾದರೆ ಹಕ್ಕಿಯನ್ನು ಗೆಲ್ಲಿಸಬಹುದು. ಮಾದರಿಗೆ ನಮ್ಮ ಇಷ್ಟ ಗೊತ್ತಿರಬಾರದು. ನಿಜದಲ್ಲಿ ಇಲ್ಲದ್ದನ್ನು ಅದರಲ್ಲಿ ಹಾಕಿದರೆ ಅದು ನಮಗೆ ಬೇಕಾದ ಸುಳ್ಳನ್ನೇ ಹೇಳುತ್ತದೆ. ಗೌರಿ ಎಲ್ಲ ಕೇಳಿಸಿಕೊಂಡು ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ನಿಜದಲ್ಲಿ ಇರುವುದನ್ನು ಹಾಕುವುದು ಮರೆತಿದ್ದರೆ? ಅದೂ ಸುಳ್ಳೇ ಹೇಳುತ್ತದೆ ಎಂದೆ. ಏನು ಮರೆತಿದ್ದೇನೆ ಎಂದು ಹೇಗೆ ಗೊತ್ತಾಗುತ್ತದೆ ಎಂದಳು. ಆ ಪಾಠ ನಾನಿನ್ನೂ ಓದಿರಲಿಲ್ಲ. ನೆಲದ ಮೇಲೆ ಆಡಿ ನೋಡೋಣ, ಎಲ್ಲಿ ಎಡವುತ್ತೇವೋ ಅಲ್ಲಿ ತಪ್ಪಿರುತ್ತದೆ ಎಂದು ತೇಲಿಸಿದೆ. ನಾಶಿಕ್‌ನಲ್ಲಿ ನಾನು ಸಿಕ್ಕಿಬಿದ್ದಾಗಲೆಲ್ಲ ಮಾಡುವುದು ಇದನ್ನೇ.

ಹಾಗೆ ಆ ಮಧ್ಯಾಹ್ನ ಮನೆಯೆಲ್ಲ ಮಾದರಿಯಾಯಿತು. ಗೌರಿ ರಟ್ಟು ಕತ್ತರಿಸಿ ಚೀಟಿ ಮಾಡಿ ಎಲ್ಲರಿಗೂ ಹಂಚಿದಳು. ಚೀಟಿಯಲ್ಲಿ ಬರೆದಷ್ಟೇ ಮಾಡಬೇಕು, ಬೇರೇನೂ ಮಾಡುವಂತಿಲ್ಲ. ನಡುವೆ ಟಾಕಿಯ ಬದಲು ಒಂದು ಡಬ್ಬಿ ಗೋಲಿ. ಅಣ್ಣ ಅಂಗಡಿಗೆ ಹೊತ್ತಾಯಿತೆಂದು ಗೊಣಗುತ್ತಲೇ ಗೋಲಿ ತೆಗೆದುಕೊಂಡ. ನಾನು ನನ್ನ ಪಾಲಿನ ಹಿಡಿ ತುಂಬ ಗೋಲಿ ಎತ್ತಿಕೊಂಡಾಗ ಅವ್ವನಿಗೆ ನಗು ತಡೆಯಲಾಗಲಿಲ್ಲ. ಈ ಗದ್ದಲ ಕೇಳಿ ಎದುರು ಸಾಲಿನ ಶಿಂದೆ ಕಾಕು ಬಾಗಿಲಿಗೆ ಬಂದರು. ಅವರು ಅಣ್ಣನ ಮನೆಗೆ ಬಾಗಿಲಿಗೆ ಬಾಗಿಲು ಎದುರಿನವರು, ಅವ್ವನ ವಯಸ್ಸಿಗೆ ಹತ್ತಿರದವರು. ಗೌರಿ ಓಡಿಹೋಗಿ ಅವರ ಕೈಗೂ ಒಂದು ಚೀಟಿ ಕೊಟ್ಟಳು. ಅದರಲ್ಲಿ ಬರೆದದ್ದು: ಪಾಹುಣಿ. ಬಾಗಿಲಿಗೆ ಬಾ, ಒಂದು ತಂಬಿಗೆ ನೀರು ತಗೋ, ಚಾಪೆಯ ಮೇಲೆ ಕೂರು.

ಕಾಕು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಒಳಗೆ ಬರಲಿಲ್ಲ.

“ಮೀ ಪಾಹುಣಿ ಕಶೀ?” ಎಂದರು. ನಾನು ಹೇಗೆ ಪಾಹುಣಿಯಾದೆ ಎಂದು.

ಆಟ ಕಾಕು, ಸುಮ್ಮನೆ ಆಟ ಎಂದು ವೈನಿ ಸಮಾಧಾನ ಮಾಡಲು ಹೋದರು. ಕಾಕುವಿಗೆ ಅದು ಆಟವೆನಿಸಲಿಲ್ಲ. ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ದಿನಾ ನಿಮ್ಮನೆಯಿಂದ ರೊಟ್ಟಿ ಬಂತು, ನಾನು ತಿಂದೆ, ನಾನು ಪಾಹುಣಿಯ ಹಾಗೆ ಸಂಕೋಚ ಮಾಡಿದೆನಾ ಎಂದು ಮರಾಠಿಯಲ್ಲಿ ಕೇಳಿದರು. ಕಾರ್ಯ ಹಾಲ್‌ನಲ್ಲಿ ಎಂದು ನಾನು ಬೇರೆಯವರಿಂದ ಕೇಳಬೇಕಾಯಿತಲ್ಲ ಎಂದರು. ಏಕೆ ಹಾಲ್? ಅಣ್ಣ ತಲೆ ತಗ್ಗಿಸಿ ನೀರಿನ ಕಷ್ಟ ಹೇಳಿದ. ಇಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಹೊರಗಿನವರ ಮುಂದೆ ಬಂದದ್ದು ಅದೇ ಮೊದಲು. ಮನೆಯಲ್ಲಿ ಕಾರ್ಯ ಇಟ್ಟುಕೊಂಡು ಕೊಡ ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗುವುದು ಹೇಗೆ ಎಂದ. ಕಾಕು ಆ ಚೀಟಿಯನ್ನು ಅವನ ಕೈಗೇ ಇಟ್ಟರು. ನಮ್ಮ ಸಾಲಿಗೆ ನಳ ಬರುವುದು ಅದೇ ದಿನ ಬೆಳಿಗ್ಗೆ, ನಿನಗೆ ಗೊತ್ತಿಲ್ಲವೇನು ಎಂದರು.

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಪರ ಊರಿನಲ್ಲಿ ಬಾಳುವವರು ಮರ್ಯಾದೆಯಿಂದ ಇರಬೇಕೆಂದು ನಾವು ನೆರೆಯವರನ್ನೆಲ್ಲ ಬಹಳ ಗೌರವದಿಂದ ಪಾಹುಣೆ ಮಾಡಿ ಚಾಪೆಯ ಮೇಲೆ ಕೂರಿಸಿದ್ದೆವು. ಕೊಡಲು ಸದಾ ಸಿದ್ಧ, ಕೇಳಲು ಮಾತ್ರ ಬಾಯಿ ಬಾರದು. ಗೌರಿ ಮನೆಯಲ್ಲಿ ಕಂಡದ್ದನ್ನೇ ಕಂಪ್ಯೂಟರಿಗೆ ಹಾಕಿದ್ದಳು. ಅವಳ ಅಳತೆಯಲ್ಲಿ ತಪ್ಪಿರಲಿಲ್ಲ.

ದೊಡ್ಡವರೆಲ್ಲ ಕಣ್ಣು ಒರೆಸಿಕೊಳ್ಳುವ ಹೊತ್ತಿನಲ್ಲಿ ಗೌರಿಗೆ ಒಂದೇ ಚಿಂತೆ. “ಮಗ ಕಾಕೂಲಾ ಕುಠೆ ಟಾಕೂ?” ಎಂದು ನನ್ನನ್ನು ಕೇಳಿದಳು. ಹಾಗಾದರೆ ಕಾಕುವನ್ನು ಎಲ್ಲಿ ಹಾಕಲಿ? ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, “ಮನಿಯವರಾಗ ಹಾಕ. ಅಕಿ ಟಾಕಿನೂ ಹಾಕ.”

ಗೌರಿ ಎರಡನೆಯ ನೀಲಿ ಪೆಟ್ಟಿಗೆಯೊಂದನ್ನು ತೆರೆಯ ಮೇಲೆ ಇಟ್ಟಳು. ನಡೆಸಿದಳು. ನನ್ನ ಗೊಂಬೆ ಹಾಡುತ್ತ ಬಂತು, ಎಂದಿನಂತೆ ನೀರು ಸುರಿದುಕೊಂಡಿತು. ಸೋದರತ್ತೆಯರು ಧಾರಾಳವಾಗಿ ಮುಖ ತೊಳೆದರು. ತೊಟ್ಟಿಲ ಬೆಳಿಗ್ಗೆ ಮೊದಲ ಪೆಟ್ಟಿಗೆಯ ತಳ ಕಂಡಿತು, ಎರಡನೆಯದು ತುಂಬಿತು. ಕಾರ್ಯ ಮುಗಿಯಿತು. ಅವ್ವ ಎದ್ದು ಹೋಗಿ ಸರಪಳಿಯನ್ನು ಚೀಲದಿಂದ ಹೊರಗೆ ತೆಗೆದಳು.

ನಾಶಿಕ್‌ಗೆ ಮರಳುವಾಗ ಮನ್ಮಾಡ್‌ನಲ್ಲಿ ರೈಲಿಗೆ ಕಾಯುತ್ತ ಯೋಚಿಸಿದೆ. ಏನು ಮರೆತಿದ್ದೇವೆ ಎಂದು ತಿಳಿಯುವುದು ಹೇಗೆ ಎಂಬ ಗೌರಿಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇದ್ದರೂ ಇರಬಹುದು. ನಾನು ಕಂಡ ಮಟ್ಟಿಗೆ, ಮಾದರಿಯೊಳಗೆ ನಾವು ಯಾರನ್ನು ಇಟ್ಟಿದ್ದೇವೋ ಅವರಿಗೆ ಒಮ್ಮೆ ಅದನ್ನು ತೋರಿಸಿಬಿಡುವುದು ಒಳ್ಳೆಯದು. ಅವರು ಸಿಟ್ಟಾದ ಜಾಗದಲ್ಲಿ ತಿದ್ದುವ ಕೆಲಸ ಇರುತ್ತದೆ. ಆಟದಿಂದ ಕಲಿಸುವುದರ ಲಾಭವೂ ಇದೇ ಇರಬೇಕು. ಆಟವೆಂದು ಚೀಟಿ ಕೊಟ್ಟರೆ ಎದುರು ಮನೆಯವರೂ ಓದುತ್ತಾರೆ.

ತೊಟ್ಟಿಲ ದಿನ ಬೆಳಿಗ್ಗೆ ನಾನು ಹೆಂಡತಿಯೊಂದಿಗೆ ಅಣ್ಣನ ಮನೆ ಮುಟ್ಟಿದೆ. ನಮ್ಮ ಜೊತೆಗೇ ಬೀದರಿನ ನೆಂಟರ ಜೀಪೂ ಬಂತು. ಬಾಗಿಲಲ್ಲಿ ಗೌರಿ ಹೊಸ ಲಂಗ ಉಟ್ಟು ತಂಬಿಗೆಗಳ ಸಾಲು ಇಟ್ಟುಕೊಂಡು ನಿಂತಿದ್ದಳು. ನೆಂಟರಿಗೆಲ್ಲ ಒಂದೊಂದು ತಂಬಿಗೆ ಕೊಟ್ಟಳು. ನಾನೂ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಕಾಲು ಮುಂದೆ ಚಾಚಿದೆ. ತಂಬಿಗೆ ಬರಲಿಲ್ಲ. ನನ್ನ ಎರಡೂ ಕೈಗೆ ಒಂದೊಂದು ಖಾಲಿ ಬಕೆಟ್ ಬಂತು.

“ಕಾಕಾ, ನೀವ ಈಗ ಪಾಹುಣೆ ಅಲ್ಲರಿ. ನಿಮಗ ಮನಿಯವರಾಗ ಹಾಕೀನಿ,” ಎಂದಳು ಗೌರಿ, ಶುದ್ಧ ಭಾಲ್ಕಿ ಕನ್ನಡದಲ್ಲಿ. “ಶಿಂದೆ ಕಾಕುಂದು ನಳ ಬಂದದ. ಹಿಂದ ತಿರಗರಿ. ಮುಂದ ಹತ್ತ ಹೆಜ್ಜಿ ಹೋಗರಿ. ತುಂಬಕೊಂಡು ಬರ್ರಿ.”

ಒಳಗೆ ಕೊಂಡಿಗೆ ಹಾಕಿದ ತೊಟ್ಟಿಲ ಸರಪಳಿ ಕಿರ್ ಎನ್ನುತ್ತಿತ್ತು. ಸ್ವಲ್ಪ ಎಂಬ ಮಾತೇ ಇಲ್ಲದ ಅಪ್ಪಣೆ, ಯಂತ್ರ ಏನು ಮಾಡೀತು? ಹಿಂದೆ ತಿರುಗಿದೆ, ಬಕೆಟ್ ಹಿಡಿದು ಹತ್ತು ಹೆಜ್ಜೆ ನಡೆದೆ. ಗೋಡೆ ಸಿಗಲಿಲ್ಲ. ತೆರೆದ ಬಾಗಿಲು ಸಿಕ್ಕಿತು, ಅದರಾಚೆ ಶಿಂದೆ ಕಾಕು ನಳದ ಹತ್ತಿರ ನಿಂತು, ಇಷ್ಟು ತಡವೇಕೆ ಎಂದು ಬೈಯುತ್ತಿದ್ದರು.